ಬೆಲ್ಟ್ ಹೇಗೆ ಒಳಬರುತ್ತದೆ, ಬ್ಯಾರೆಲ್ ಹೇಗೆ ಹೊರಬರುತ್ತದೆ: ಮಷಿನ್ ಗನ್ ಜಗಳಗಳಿಗೆ ಒಂದು ಉತ್ತರ

ಪ್ರಶ್ನೆ: ಯುದ್ಧದ ಆಯುಧಗಳ ಬಗ್ಗೆ ಓದುವ ಹುಚ್ಚು ನನಗೆ. ತೋಟೆ ಸಾಲಾಗಿ ಜೋಡಿಸಿದ ಬೆಲ್ಟ್ ಹಾಕುವ ಮಷಿನ್ ಗನ್‌ಗಳ ವಿಷಯ ಬಂದರೆ ನಮ್ಮಂಥ ಹವ್ಯಾಸಿಗಳ ನಡುವೆ ಜಗಳ ಮುಗಿಯುವುದೇ ಇಲ್ಲ. ಜರ್ಮನರ ಎಂಜಿ-42 ಮೀರಿಸುವಂಥದ್ದು ಇನ್ನೂ ಹುಟ್ಟಿಲ್ಲ ಎನ್ನುವವರು ಕೆಲವರು, ರಷ್ಯದ ಪಿಕೆಎಂ ಮುಂದೆ ಮಿಕ್ಕಿದ್ದೆಲ್ಲ ಹೊರೆ ಎನ್ನುವವರು ಕೆಲವರು. ಅಮೆರಿಕದ ಎಂ-60 ಕೆಲಸಕ್ಕೆ ಬಾರದ್ದು ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ವಿಕರ್ಸ್ ಗನ್‌ಗಳು 12 ಗಂಟೆಯಲ್ಲಿ ಹತ್ತು ಲಕ್ಷ ಗುಂಡು ಹಾರಿಸಿದವು ಎಂಬ ಕಥೆಯನ್ನೂ ಹೇಳುತ್ತಾರೆ. ಇವುಗಳಲ್ಲಿ ಎಷ್ಟು ನಿಜ? ನಮ್ಮ ಸೇನೆಯಲ್ಲಿರುವುದು ಯಾವುದು?

ಉತ್ತರ: ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎಂಜಿ-42 ಹೊಗಳಿಕೆಗೆ ಅರ್ಹವೇ, ಆದರೆ ಬಹುಪಾಲು ಜನ ಅದನ್ನು ತಪ್ಪು ಕಾರಣಕ್ಕೆ ಹೊಗಳುತ್ತಾರೆ. ಪಿಕೆಎಂ ಪರ ವಾದದಲ್ಲಿ ಮುಕ್ಕಾಲು ಪಾಲು ಹುರುಳಿದೆ. ಎಂ-60 ಮೇಲಿನ ದೂರುಗಳು ನಿಜ, ಆದರೆ ಅವು ಹಳೆಯ ಮಾದರಿಯ ದೂರುಗಳು. ವಿಕರ್ಸ್ ಕಥೆಯನ್ನು ಕೂಡಿ ಗುಣಿಸಿ ನೋಡಬಹುದು, ಕೆಳಗೆ ನೋಡೋಣ. ನಮ್ಮ ಸೇನೆಯ ಮುಖ್ಯ ಬೆಲ್ಟ್ ಗನ್ ಬೆಲ್ಜಿಯಂ ಮೂಲದ ಮ್ಯಾಗ್.

ಈ ವಾದಗಳು ಹಳಿ ತಪ್ಪುವುದು ಒಂದೇ ಜಾಗದಲ್ಲಿ. ಎಲ್ಲರೂ ನಿಮಿಷಕ್ಕೆ ಎಷ್ಟು ಗುಂಡು ಎಂಬ ಅಂಕಿಯಿಂದ ಶುರುಮಾಡುತ್ತಾರೆ. ಆ ಅಂಕಿ ಕೊನೆಗೆ ನೋಡಬೇಕಾದದ್ದು. ಬೆಲ್ಟ್ ಗನ್ನಿನ ಯೋಗ್ಯತೆಯನ್ನು ನಿರ್ಧರಿಸುವುದು ಮೂರು: ಬೆಲ್ಟ್ ಒಳಗೆ ಬರುವ ಬಗೆ, ಕಾದ ಬ್ಯಾರೆಲ್ ಹೊರಗೆ ಬರುವ ಬಗೆ, ಗನ್ ಯಾವುದರ ಮೇಲೆ ಕೂತಿದೆ ಎನ್ನುವುದು.

ಬ್ಯಾರೆಲ್ ಕಾಯುವ ಲೆಕ್ಕ ಗೊತ್ತಿದ್ದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ಸೇನೆ ಮ್ಯಾಗ್ ಅನ್ನು ಎಂ240 ಎಂದು ಕರೆಯುತ್ತದೆ. ಅದರ ಕೈಪಿಡಿಯ ಪ್ರಕಾರ ನಿಧಾನ ಗತಿಯೆಂದರೆ ನಿಮಿಷಕ್ಕೆ 100 ಗುಂಡು: 6ರಿಂದ 9 ಗುಂಡಿನ ಬರ್ಸ್ಟ್ (ಒಂದೇ ಸಲಕ್ಕೆ ಹೋಗುವ ಗುಂಡಿನ ಸಾಲು), ನಡುವೆ 4–5 ಸೆಕೆಂಡ್ ಬಿಡುವು, 10 ನಿಮಿಷಕ್ಕೊಮ್ಮೆ ಬ್ಯಾರೆಲ್ ಬದಲು. ವೇಗದ ಗತಿಯೆಂದರೆ ನಿಮಿಷಕ್ಕೆ 200: 10ರಿಂದ 13 ಗುಂಡಿನ ಬರ್ಸ್ಟ್, 2–3 ಸೆಕೆಂಡ್ ಬಿಡುವು, 2 ನಿಮಿಷಕ್ಕೊಂದು ಬ್ಯಾರೆಲ್. ಟ್ರಿಗರ್ ಬಿಡದೆ ಹಿಡಿದರೆ ನಿಮಿಷಕ್ಕೊಂದು ಬ್ಯಾರೆಲ್. ಅಂದರೆ ನಿಮಿಷಕ್ಕೆ 650ರಿಂದ 950 ಗುಂಡು ಹಾರಿಸಬಲ್ಲ ಗನ್ನಿಗೆ ಸೇನೆ ಹಾಕಿಕೊಡುವ ಕೆಲಸ 100ರದ್ದು, ಹೆಚ್ಚೆಂದರೆ 200ರದ್ದು. ಅದಕ್ಕೂ ಹೊರೆ ಹೊರಬೇಕು. ತೋಟೆ ಜೋಡಿಸುವ ಲೋಹದ ಕೊಂಡಿ, ಅಂದರೆ ಲಿಂಕ್ ಸಮೇತ, 7.62 ನೇಟೋ (7.62 ಮಿ.ಮೀ.) ತೋಟೆಯ 100ರ ಬೆಲ್ಟ್ ಸುಮಾರು 3 ಕಿಲೋ. ನಿಧಾನ ಗತಿಯಲ್ಲೇ ಹತ್ತು ನಿಮಿಷ ಹಾರಿಸಿದರೆ 30 ಕಿಲೋ ಬೆಲ್ಟ್ ಖರ್ಚು. ಅದನ್ನು ಯಾರೋ ಬೆನ್ನ ಮೇಲೆ ತಂದಿರಬೇಕು.

ಎಂಜಿ-42 ನಿಮಿಷಕ್ಕೆ 1200 ಹಾರಿಸುತ್ತಿತ್ತು, ಸೆಕೆಂಡಿಗೆ 20. ಜರ್ಮನರ ಬೆಲ್ಟ್ ತುಂಡು 50 ತೋಟೆಯದು. ಒಂದು ತುಂಡು ಎರಡೂವರೆ ಸೆಕೆಂಡಿನಲ್ಲಿ ಖಾಲಿ. ಐದು ತುಂಡು ಜೋಡಿಸಿದ 250ರ ಬೆಲ್ಟ್ ಹನ್ನೆರಡೂವರೆ ಸೆಕೆಂಡು. ಇದನ್ನೇ ಹವ್ಯಾಸಿಗಳು ಮೆಚ್ಚುವುದು. ಜರ್ಮನರಿಗೆ ಇದಕ್ಕೊಂದು ತರ್ಕವಿತ್ತು, ಅದನ್ನು ತಳ್ಳಿಹಾಕುವಂತಿಲ್ಲ: ಶತ್ರು ಸೈನಿಕ ಒಂದು ಮರೆಯಿಂದ ಇನ್ನೊಂದಕ್ಕೆ ಓಡುವಾಗ ಕಣ್ಣಿಗೆ ಬೀಳುವುದು ಒಂದೆರಡು ಸೆಕೆಂಡ್ ಅಷ್ಟೆ, ಆ ಹೊತ್ತಿನಲ್ಲಿ ಎಷ್ಟು ಗುಂಡು ಹೋಗುತ್ತವೆ ಎನ್ನುವುದೇ ಮುಖ್ಯ. ವಿಮಾನಕ್ಕೆ ಗುರಿ ಇಡುವಾಗಲೂ ಅಷ್ಟೆ. ಆದರೆ ಬೈಪಾಡ್, ಅಂದರೆ ಎರಡು ಕಾಲಿನ ಊರುಗೋಲಿನ ಮೇಲೆ ಆ ವೇಗದಲ್ಲಿ ಬರ್ಸ್ಟ್ ಹರಡಿಕೊಳ್ಳುತ್ತದೆ, ಬ್ಯಾರೆಲ್ ಕೆಲವೇ ನೂರು ಗುಂಡಿಗೆ ಬದಲಾಯಿಸುವ ಹಂತಕ್ಕೆ ಬರುತ್ತದೆ, ಬೆಲ್ಟ್ ಹೊರುವವರು ಸುಸ್ತಾಗುತ್ತಾರೆ. ಜರ್ಮನರ ತುಕಡಿಯಲ್ಲಿ ಗನ್ನೇ ಕೇಂದ್ರ, ರೈಫಲ್ ಹಿಡಿದವರು ಅದರ ಸುತ್ತ ಕೆಲಸ ಮಾಡುವವರು, ಬೆಲ್ಟ್ ಹೊರುವವರು. ಆ ಏರ್ಪಾಡು ಇಲ್ಲದಿದ್ದರೆ ಆ ವೇಗ ದುಂದು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಯುದ್ಧಾನಂತರ ಏನಾಯಿತು ನೋಡಿ. ಇಟಲಿ, ಆಸ್ಟ್ರಿಯ ಎರಡೂ ಅದೇ ಗನ್ನನ್ನು 7.62 ನೇಟೋ ತೋಟೆಗೆ ಹೊಂದಿಸಿಕೊಂಡು, ಹೆಚ್ಚು ಭಾರದ ಬೋಲ್ಟ್ (ಹಿಂದೆ ಮುಂದೆ ಓಡಿ ತೋಟೆಯನ್ನು ಬ್ಯಾರೆಲ್ಲಿನ ಬುಡಕ್ಕೆ ತಳ್ಳುವ ಭಾಗ) ಹಾಕಿ ವೇಗ ಇಳಿಸಿದವು. ಜರ್ಮನಿ ಎಂಜಿ3 ಹೆಸರಿನಲ್ಲಿ ಹಳೆಯ ವೇಗವನ್ನೇ ಬಹುಕಾಲ ಉಳಿಸಿಕೊಂಡಿತು. ಕೊನೆಗೆ ತಂದ ಎಂಜಿ5 ಮಾತ್ರ ಗುಂಡು ಸಿಡಿದಾಗಿನ ಗ್ಯಾಸ್‌ನಿಂದ ನಡೆಯುವ ಗನ್, ಅದರ ವೇಗ ನಿಮಿಷಕ್ಕೆ 640ರಿಂದ 800. ವೇಗದ ತವರೇ ವೇಗ ಬಿಟ್ಟಿದೆ.

ಹಾಗಾದರೆ ಎಂಜಿ-42ರಲ್ಲಿ ನಿಜವಾಗಿ ದೊಡ್ಡದು ಯಾವುದು? ಮೊದಲನೆಯದು ಅದನ್ನು ಮಾಡುವ ರೀತಿ. ಅದರ ಹಿಂದಿನ ಎಂಜಿ-34 ಉಕ್ಕಿನ ಗಟ್ಟಿಯನ್ನು ಕಡೆದು ಕೊರೆದು ಮಾಡಿದ್ದು. ಒಂದಕ್ಕೆ 150 ಮಾನವ-ಗಂಟೆ, ಬೆಲೆ 327 ರೈಶ್‌ಮಾರ್ಕ್. ಆಯುಧ ತಯಾರಿಕೆಯ ಅನುಭವವೇ ಇರದ, ಹಾಳೆ ಲೋಹದ ಸಾಮಾನು ಮಾಡುತ್ತಿದ್ದ ಗ್ರಾಸ್‌ಫುಸ್ ಕಂಪನಿಯ ಎಂಜಿನಿಯರ್ ವರ್ನರ್ ಗ್ರೂನರ್ ಅದನ್ನು ಒತ್ತಿ ಬೆಸೆದ ತಗಡಿನಲ್ಲಿ ಹೊಸದಾಗಿ ಯೋಚಿಸಿದರು. 75 ಗಂಟೆ, 250 ಮಾರ್ಕ್. ಯುದ್ಧ ಮುಗಿಯುವುದರೊಳಗೆ ನಾಲ್ಕು ಲಕ್ಷಕ್ಕೂ ಮಿಕ್ಕಿ ತಯಾರಾದವು. ಎಂಜಿ-34ರ ಭಾಗಗಳ ನಡುವಿನ ಸಂದು ತೀರ ಬಿಗಿ, ಕೆಸರು ಹಿಡಿದರೆ ನಿಲ್ಲುತ್ತಿತ್ತು. 42ರಲ್ಲಿ ಆ ಗೋಳು ಕಡಿಮೆ.

ಎರಡನೆಯದು ಬೆಲ್ಟ್ ಎಳೆಯುವ ವ್ಯವಸ್ಥೆ. ಟಾಪ್ ಕವರ್ ಎತ್ತಿ ನೋಡಿದರೆ ಅಡಿಯಲ್ಲಿ ಉದ್ದನೆಯ ಬಾಗಿದ ತೋಳೊಂದಿದೆ. ಬೋಲ್ಟ್ ಮೇಲಿನ ಗುಬುಟು ಆ ತೋಳಿನ ತೋಡಿನಲ್ಲಿ ಓಡುತ್ತದೆ. ಬೋಲ್ಟ್ ಹಿಂದೆ ಮುಂದೆ ಹೋದಂತೆ ತೋಳು ಎಡಬಲಕ್ಕೆ ತೂಗಿ, ಎರಡು ಜೊತೆ ಹಲ್ಲುಗಳನ್ನು ಎದುರು ಬದುರಾಗಿ ಸರಿಸುತ್ತದೆ. ಒಂದು ಜೊತೆ ಬೆಲ್ಟ್ ಎಳೆಯುವಾಗ ಇನ್ನೊಂದು ಜೊತೆ ಮುಂದಿನ ತೋಟೆಯ ಮೇಲೆ ಜಾರಿ ಕೂರುತ್ತದೆ. ಬೋಲ್ಟ್ ಹಿಂದೆ ಬರುವಾಗ ಅರ್ಧ ಹೆಜ್ಜೆ, ಮುಂದೆ ಹೋಗುವಾಗ ಅರ್ಧ ಹೆಜ್ಜೆ. ಒಂದೇ ಏಟಿಗೆ ಜಗ್ಗದೆ ಎರಡು ಸಲ ಮೆಲ್ಲಗೆ ಎಳೆಯುವುದರಿಂದ ಬೆಲ್ಟ್ ಕುಲುಕುವುದಿಲ್ಲ, ಆ ವೇಗಕ್ಕೂ ಹರಿಯುವುದಿಲ್ಲ. ಮ್ಯಾಗ್ ಈ ಏರ್ಪಾಡನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡಿತು, ಎಂ-60 ತನ್ನದೇ ರೀತಿಯಲ್ಲಿ ಎತ್ತಿಕೊಂಡಿತು.

ಮೂರನೆಯದನ್ನು ಹವ್ಯಾಸಿಗಳು ಮಾತನಾಡುವುದೇ ಅಪರೂಪ: ಲಫೆಟ್ ಟ್ರೈಪಾಡ್, ಅಂದರೆ ಗನ್ ಕೂರಿಸುವ ಮುಕ್ಕಾಲಿ. ಸುಮಾರು 20 ಕಿಲೋ ತೂಕ, ಸ್ಪ್ರಿಂಗ್ ತೊಟ್ಟಿಲಿನಲ್ಲಿ ಗನ್ ಹಿಂದೆ ಮುಂದೆ ತೂಗಿ ಒದೆತ ನುಂಗುತ್ತದೆ, ದೂರದ ಗುರಿಗೆ ದುರ್ಬೀನು ಸೈಟ್ ಇದೆ. ಅದರಲ್ಲೊಂದು ಚಿಕ್ಕ ಪೆಟ್ಟಿಗೆ: ಗನ್ನಿನ ಒದೆತದಿಂದಲೇ ನಡೆದು, ಗುಂಡು ಹಾರುತ್ತಿರುವಾಗ ಗನ್ನನ್ನು ತಾನಾಗಿಯೇ ಸ್ವಲ್ಪ ಏರಿಸಿ ಇಳಿಸಿ ಗುಂಡುಗಳನ್ನು ಆಳ ಬಿದ್ದ ಪಟ್ಟಿಯಲ್ಲಿ ಹರಡುತ್ತಿತ್ತು. ದೂರದ ಅಂದಾಜು ನೂರಿನ್ನೂರು ಮೀಟರ್ ತಪ್ಪಿದರೂ ಪಟ್ಟಿ ಗುರಿಯನ್ನು ಹಾದುಹೋಗುತ್ತದೆ. ಬೈಪಾಡ್ ಮೇಲಿನ ಎಂಜಿ-42ನ್ನೂ ಲಫೆಟ್ ಮೇಲಿನದನ್ನೂ ಒಂದೇ ಗನ್ ಎಂದು ವಾದಿಸುವುದು ವ್ಯರ್ಥ.

ಬ್ಯಾರೆಲ್ ಬದಲಾವಣೆಯೂ ಹೊಗಳಬೇಕಾದದ್ದೇ. ಬೋಲ್ಟ್ ಹಿಂದಕ್ಕೆ ಎಳೆದಿಟ್ಟು, ಬಲಗಡೆಯ ಬಾಗಿಲು ಹೊರಕ್ಕೆ ತಳ್ಳಿದರೆ ಬ್ಯಾರೆಲ್ಲಿನ ಬುಡ ಪಕ್ಕಕ್ಕೆ ಬರುತ್ತದೆ, ಹಿಂದಕ್ಕೆ ಜಾರಿಸಿ ತೆಗೆದು ಹೊಸದನ್ನು ತೂರಿಸುವುದು. ಪಳಗಿದವರಿಗೆ ಐದಾರು ಸೆಕೆಂಡಿನ ಕೆಲಸ. ಆದರೆ ಬ್ಯಾರೆಲ್‌ಗೆ ಹಿಡಿ ಇಲ್ಲ, ಕಲ್ನಾರಿನ ಪ್ಯಾಡ್ ಕೈಯಲ್ಲಿ ಇರಬೇಕು. ಇದೇ ಪಕ್ಕದ ಬಾಗಿಲಿನಿಂದಾಗಿ 42 ಟ್ಯಾಂಕ್ ಒಳಗಿನ ಇಕ್ಕಟ್ಟಾದ ಮೌಂಟ್‌ಗೆ ಹೊಂದಲಿಲ್ಲ. ಬ್ಯಾರೆಲ್ ನೇರ ಹಿಂದಕ್ಕೆ ಬರುವ ಎಂಜಿ-34 ಜರ್ಮನ್ ಟ್ಯಾಂಕ್‌ಗಳಲ್ಲಿ ಯುದ್ಧದ ಕೊನೆಯವರೆಗೂ ಉಳಿಯಿತು. “42 ಬಂದ ಮೇಲೆ 34 ಮೂಲೆ ಸೇರಿತು” ಎನ್ನುವವರಿಗೆ ಇದನ್ನು ನೆನಪಿಸಿ.

ಅಮೆರಿಕದವರು ಎಂಜಿ-42ನ್ನು ತಮ್ಮ .30-06 ತೋಟೆಗೆ ನಕಲು ಮಾಡಲು ಹೊರಟು ಸೋತ ಪ್ರಸಂಗವೂ ಇದೆ. ಟಿ24 ಎಂಬ ಹೆಸರಿನಲ್ಲಿ ಜನರಲ್ ಮೋಟರ್ಸ್‌ನ ಸ್ಯಾಗಿನಾ ವಿಭಾಗ ಅದನ್ನು ಮಾಡಿತು. ಜರ್ಮನ್ ತೋಟೆಯ ಕೇಸ್ (ಮದ್ದು ತುಂಬಿದ ಲೋಹದ ಕೊಳವೆ) 57 ಮಿ.ಮೀ., ಅಮೆರಿಕದ್ದು 63 ಮಿ.ಮೀ. ಉದ್ದನೆಯ ತೋಟೆಗೆ ಬೇಕಾದಷ್ಟು ಜಾಗವನ್ನು ರಿಸೀವರ್‌ನಲ್ಲಿ, ಅಂದರೆ ಗನ್ನಿನ ಒಡಲಲ್ಲಿ ಬಿಡದೆ ಹೋದದ್ದರಿಂದ ಗನ್ ಪದೇ ಪದೇ ಸಿಕ್ಕಿಕೊಂಡಿತು, ಯೋಜನೆ ಕೈಬಿಟ್ಟರು. ಬೆಲ್ಟ್ ಗನ್ನಿನಲ್ಲಿ ಕೆಲವು ಮಿಲಿಮೀಟರ್ ಎಂದರೆ ಇಷ್ಟು.

ಇನ್ನು ಬೆಲ್ಟ್. ಹೈರಮ್ ಮ್ಯಾಕ್ಸಿಮ್ 1884ರಲ್ಲಿ ಲಂಡನ್ನಿನಲ್ಲಿ ಮಾಡಿದ ಗನ್ನಿಗೆ ಬಟ್ಟೆಯ ಬೆಲ್ಟ್, ವಿಕರ್ಸ್‌ಗೂ ಅದೇ, 250 ತೋಟೆಯದು. ಕ್ಯಾನ್ವಾಸ್ ನೆನೆದರೆ ಕುಗ್ಗಿ ತೋಟೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಎಳೆಯಲು ಬೋಲ್ಟ್‌ಗೆ ಕಸುವು ಸಾಲುವುದಿಲ್ಲ. ಹಳತಾಗಿ ಸಡಿಲವಾದರೆ ತೋಟೆ ಸರಿದು ಓರೆಯಾಗುತ್ತದೆ. ಆಮೇಲೆ ಬಂದವು ಲೋಹದವು, ಅವು ಎರಡು ಬಗೆ. ಜರ್ಮನ್ ಮತ್ತು ರಷ್ಯದ ಬೆಲ್ಟ್ ಬಿಚ್ಚಿಕೊಳ್ಳುವುದಿಲ್ಲ, ಖಾಲಿ ಬೆಲ್ಟ್ ಇನ್ನೊಂದು ಬದಿಯಲ್ಲಿ ಉದ್ದಕ್ಕೆ ಹೊರಗೆ ಬರುತ್ತದೆ. ಮತ್ತೆ ತುಂಬಬಹುದು ಎನ್ನುವುದು ಲಾಭ, ಓಡುವಾಗ ಕಾಲಿಗೆ ತೊಡರುತ್ತದೆ ಎನ್ನುವುದು ನಷ್ಟ. ನೇಟೋದ ಎಂ13 ಲಿಂಕ್ ಬಿಚ್ಚಿಕೊಳ್ಳುವ ಜಾತಿ. ಅದರ ರಚನೆ ಬಾಗಿಲ ಕೀಲಿನದು: ಒಂದು ಲಿಂಕಿನ ಎರಡು ಉಂಗುರದ ನಡುವೆ ಪಕ್ಕದ ಲಿಂಕಿನ ಒಂಟಿ ಉಂಗುರ ಕೂರುತ್ತದೆ, ತೋಟೆಯೇ ಕೀಲಿನ ಕಡ್ಡಿ. ತೋಟೆ ಹೊರಬಿದ್ದ ಕೂಡಲೇ ಲಿಂಕ್ ಉದುರುತ್ತದೆ.

ಎಂ13 ಲಿಂಕಿಗೆ ಹಿಂದುಗಡೆ ಒಂದು ಪುಟ್ಟ ನಾಲಿಗೆ ಇದೆ. ಅದು ಕೇಸ್‌ನ ಬುಡದ ತೋಡಿನಲ್ಲಿ ಕ್ಲಿಕ್ ಎಂದು ಕೂತಿರಬೇಕು. ಬೆಲ್ಟ್ ಪೆಟ್ಟಿಗೆಯಲ್ಲಿ ಕುಲುಕಿಯೋ, ಕೈಯಲ್ಲಿ ಒರಟಾಗಿ ಎಳೆದಾಡಿಯೋ ಒಂದು ತೋಟೆ ಎರಡು ಮಿಲಿಮೀಟರ್ ಸರಿದರೂ ನಾಲಿಗೆ ತೋಡಿನಿಂದ ಹೊರಗೆ. ಆ ತೋಟೆ ಫೀಡ್ ಟ್ರೇಗೆ ಬಂದಾಗ ಅದರ ಮೂತಿ ಅಂಚಿಗೆ ತಗುಲುತ್ತದೆ, ಇಲ್ಲವೇ ಬೋಲ್ಟ್ ಅದರ ಬುಡವನ್ನು ಸರಿಯಾಗಿ ಹಿಡಿಯುವುದಿಲ್ಲ. ಗನ್ ನಿಂತಿತು. “ಗನ್ ಜಾಮ್ ಆಯಿತು” ಎಂದು ಹೇಳುವ ಎಷ್ಟೋ ಪ್ರಕರಣಗಳಲ್ಲಿ ತಪ್ಪು ಗನ್ನಿನದಲ್ಲ, ಈ ಸರಿದ ತೋಟೆಯದು. ಹಾಕುವ ಮುಂಚೆ ಬೆಲ್ಟನ್ನು ಸಮತಟ್ಟಾಗಿ ಹಾಸಿ, ಎಲ್ಲ ಗುಂಡಿನ ಮೂತಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಕಣ್ಣು ಹಾಯಿಸುವುದು ಅದಕ್ಕೇ. ಬೆಲ್ಟನ್ನು ಎದೆಗೆ ಅಡ್ಡಲಾಗಿ ಹಾಕಿಕೊಂಡು ಓಡಾಡುವ ಚಿತ್ರಗಳು ನೋಡಲು ಚೆಂದ; ಮಣ್ಣು, ಬೆವರು, ತಿರುಚು ಮೂರನ್ನೂ ಬೆಲ್ಟಿಗೆ ಹಚ್ಚುವ ಅದಕ್ಕಿಂತ ಸುಲಭದ ದಾರಿ ಇಲ್ಲ.

ಬೆಲ್ಟಿನ ಭಾರವೂ ಒಂದು ಕಾರಣ. ನೇತಾಡುವ ಬೆಲ್ಟನ್ನು ಪ್ರತಿ ಗುಂಡಿಗೂ ಎತ್ತುವುದು ಬೋಲ್ಟಿನ ಕಸುವೇ. ಗ್ಯಾಸ್ ದಾರಿಯಲ್ಲಿ ಮಸಿ ಕಟ್ಟಿ ಕಸುವು ತಗ್ಗಿದ್ದರೆ, ಚಿಕ್ಕ ಬೆಲ್ಟ್ ಇದ್ದಾಗ ಓಡುವ ಗನ್ ಉದ್ದ ಬೆಲ್ಟ್ ಹಾಕಿದಾಗ ತಡವರಿಸುತ್ತದೆ. ಪಕ್ಕದಲ್ಲಿ ಎರಡನೆಯವನು ಬೆಲ್ಟನ್ನು ಅಂಗೈ ಮೇಲೆ ಹಿಡಿದು ಕೂರುವುದು ಶೋಕಿಗಲ್ಲ.

ಇಲ್ಲಿಂದ ಪಿಕೆಎಂಗೆ ಬರೋಣ. ಕಲಾಶ್ನಿಕೋವ್ ತಂಡದ ಪಿಕೆ 1961ರಲ್ಲಿ ಸೇನೆಗೆ ಬಂತು, ಹಗುರ ಮಾಡಿದ ಪಿಕೆಎಂ 1969ರಲ್ಲಿ. ಅದು ತಿನ್ನುವ ತೋಟೆ 1891ರದ್ದು, ಬುಡದಲ್ಲಿ ರಿಮ್, ಅಂದರೆ ಹೊರಚಾಚಿದ ಅಂಚು ಇರುವಂಥದ್ದು. ರಿಮ್ ಇದ್ದರೆ ತೋಟೆಯನ್ನು ಲಿಂಕಿನ ಮೂಲಕ ಮುಂದಕ್ಕೆ ನೂಕಲಾಗದು, ಹಿಂದಕ್ಕೇ ಎಳೆಯಬೇಕು. ಎರಡು ಉಗುರಿನ ಕೊಕ್ಕೆ ರಿಮ್ಮನ್ನು ಹಿಡಿದು ಬೋಲ್ಟ್ ಹಿಂದೆ ಬರುವಾಗ ತೋಟೆಯನ್ನು ಬೆಲ್ಟಿನಿಂದ ಕಿತ್ತು ತರುತ್ತದೆ, ಅದು ಕೆಳಗಿಳಿಯುತ್ತದೆ, ಬೋಲ್ಟ್ ಮುಂದೆ ಹೋಗುವಾಗ ಬ್ಯಾರೆಲ್ ಬುಡದ ಚೇಂಬರಿಗೆ ತಳ್ಳುತ್ತದೆ. ಕೇಳಲು ಹಳೇಕಾಲದ ಏರ್ಪಾಡು. ಆದರೆ ಲಿಂಕ್ ತೋಟೆಯನ್ನು ಸುತ್ತಲೂ ಗಟ್ಟಿಯಾಗಿ ತಬ್ಬಿರುವುದರಿಂದ ಮೇಲೆ ಹೇಳಿದ ಸರಿಯುವ ಕಾಟ ಬಹಳ ಕಡಿಮೆ. ಇಷ್ಟೆಲ್ಲ ಮಾಡಿಯೂ ಗನ್ನಿನ ತೂಕ ಏಳೂವರೆ ಕಿಲೋ. ಮ್ಯಾಗ್ 11.8 ಕಿಲೋ. ಸರಿಸುಮಾರು ಅದೇ ಬಲದ ತೋಟೆಗೆ ನಾಲ್ಕು ಕಿಲೋ ಕಡಿಮೆ ಎಂದರೆ 130ಕ್ಕೂ ಹೆಚ್ಚು ತೋಟೆ ಜಾಸ್ತಿ ಹೊರಬಹುದು. ಪಿಕೆಎಂ ಅಭಿಮಾನಿಗಳ ಬಲವಾದ ವಾದ ಇದೇ, ಇದಕ್ಕೆ ಎದುರುತ್ತರ ಇಲ್ಲ.

ಅವರು ಹೇಳದೆ ಬಿಡುವುದು ಬ್ಯಾರೆಲ್ ವಿಷಯ. ಪಿಕೆಎಂ ಬ್ಯಾರೆಲ್ ತೆಗೆಯಲು ಟಾಪ್ ಕವರ್ ಎತ್ತಬೇಕು, ಲಾಕ್ ಪಕ್ಕಕ್ಕೆ ಸರಿಸಬೇಕು, ಆಮೇಲೆ ಹಿಡಿ ಹಿಡಿದು ಮುಂದಕ್ಕೆ ಎಳೆಯಬೇಕು. ಹಾಕಿದ ಬೆಲ್ಟ್ ಇರುವಾಗ ಇದು ಕಿರಿಕಿರಿ, ಕಾದ ಲಾಕ್ ಬಿಗಿದುಕೊಂಡರೆ ಇನ್ನೂ ಕಿರಿಕಿರಿ. ಬ್ಯಾರೆಲ್ ತೆಳುವಾದ್ದರಿಂದ ಬೇಗ ಕಾಯುತ್ತದೆ ಕೂಡ. ರಷ್ಯನ್ನರು ಮುಂದೆ ಮಾಡಿದ ಪೆಚೆನೆಗ್‌ನಲ್ಲಿ ಬ್ಯಾರೆಲ್ ಬದಲಾವಣೆಯನ್ನೇ ಕೈಬಿಟ್ಟು, ದಪ್ಪ ಬ್ಯಾರೆಲ್ ಸುತ್ತ ಗಾಳಿ ಹರಿಯುವ ಕವಚ ಹಾಕಿದರು. ನಡೆದು ಹೋಗುವ ಪದಾತಿಗೆ ಪಿಕೆಎಂ, ಒಂದೆಡೆ ಕೂತು ಗಂಟೆಗಟ್ಟಲೆ ಹಾರಿಸುವುದಕ್ಕೆ ಮ್ಯಾಗ್: ಇದು ನನ್ನ ಅಭಿಪ್ರಾಯ. ಇವೆರಡನ್ನು ಒಂದೇ ತಕ್ಕಡಿಗೆ ಹಾಕುವುದರಿಂದಲೇ ಜಗಳ.

ಮ್ಯಾಗ್ ಹುಟ್ಟಿದ್ದು 1950ರ ದಶಕದಲ್ಲಿ, ಬೆಲ್ಜಿಯಂನ ಎಫ್‌ಎನ್ ಕಂಪನಿಯ ಅರ್ನೆಸ್ಟ್ ವೆರ್ವಿಯೆ ಅವರ ಕೈಯಲ್ಲಿ. ಬ್ರೌನಿಂಗ್‌ನ ಹಳೆಯ ಬಿಎಆರ್ ರೈಫಲ್ಲಿನ ಲಾಕಿಂಗ್ ತಲೆಕೆಳಗು ಮಾಡಿ, ಮೇಲೆ ಎಂಜಿ-42ರ ಫೀಡ್, ಅಂದರೆ ಬೆಲ್ಟ್ ಎಳೆಯುವ ಏರ್ಪಾಡು, ಕೂರಿಸಿದರು. ಹೊಸದೇನೂ ಇಲ್ಲ, ಪರೀಕ್ಷೆ ಮುಗಿದ ಎರಡು ವಸ್ತುಗಳ ಜೋಡಣೆ. ಬ್ಯಾರೆಲ್ಲಿಗೆ ಅಂಟಿಕೊಂಡೇ ಹಿಡಿ ಇದೆ: ಗುಂಡಿ ಒತ್ತಿ, ಹಿಡಿಯನ್ನು ಮೇಲಕ್ಕೆ ತಿರುಗಿಸಿ, ಮುಂದಕ್ಕೆ ಎಳೆದರೆ ಬಂತು, ಕೈಗವಸು ಬೇಡ. ಹೊಸ ಬ್ಯಾರೆಲ್ ಹಾಕಿ ಹಿಡಿ ತಿರುಗಿಸುವಾಗ ಕ್ಲಿಕ್ ಎಣಿಸಬೇಕು. ಅಮೆರಿಕದ ಕೈಪಿಡಿಯಂತೆ 2ರಿಂದ 7 ಕ್ಲಿಕ್ ಕೇಳಿಸಿದರೆ ಬೋಲ್ಟಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಸರಿ ಇದೆ. ಕಡಿಮೆಯಾದರೂ ಹೆಚ್ಚಾದರೂ ಆ ಗನ್ನಿನಿಂದ ಹಾರಿಸುವಂತಿಲ್ಲ, ಆರ್ಮರರ್ (ಆಯುಧ ರಿಪೇರಿ ಮಾಡುವವನು) ಬಳಿ ಹೋಗಬೇಕು. ಅಳತೆಗೋಲು ಇಲ್ಲದೆ ಕಿವಿಯಿಂದಲೇ ಆಗುವ ತಪಾಸಣೆ ಇದು.

ಗ್ಯಾಸ್ ರೆಗ್ಯುಲೇಟರ್ ಎಂ240ರಲ್ಲಿ ಮೂರು ಮೆಟ್ಟಿಲಿನದು. ಮೊದಲನೆಯದರಲ್ಲಿ ನಿಮಿಷಕ್ಕೆ 650–750, ಮೂರನೆಯದರಲ್ಲಿ 850–950. ಹೆಚ್ಚಿನ ಮೆಟ್ಟಿಲು ಇರುವುದು ವೇಗದ ಚಪಲಕ್ಕಲ್ಲ. ಮಸಿ ಕಟ್ಟಿ ಗನ್ ಮಂಕಾದಾಗ ತಾತ್ಕಾಲಿಕವಾಗಿ ಓಡಿಸುವುದಕ್ಕೆ. ಸ್ವಚ್ಛ ಗನ್ನನ್ನು ಸದಾ ಮೂರರಲ್ಲಿ ಇಟ್ಟರೆ ಭಾಗಗಳು ಒಂದಕ್ಕೊಂದು ಬಡಿದು ಬೇಗ ಸವೆಯುತ್ತವೆ. ಮ್ಯಾಗ್‌ನ ದೋಷ ತೂಕ, ಬರೀ ತೂಕ. ಅಮೆರಿಕದವರು ಟೈಟಾನಿಯಂ ರಿಸೀವರ್ ಹಾಕಿ ಎಂ240ಎಲ್ ಮಾಡಿ 12.5 ಕಿಲೋದಿಂದ ಸುಮಾರು 10ಕ್ಕೆ ಇಳಿಸಿದ್ದಾರೆ.

ಎಂ-60ರ ದೂರುಗಳನ್ನು ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ “ಕೆಟ್ಟ ಗನ್” ಎಂದು ತಲೆಯಾಡಿಸುವವರಿಗೆ ಏನು ಕೆಟ್ಟದ್ದು ಎನ್ನುವುದೇ ಗೊತ್ತಿರುವುದಿಲ್ಲ. 1957ರಲ್ಲಿ ಅಂಗೀಕಾರವಾದ ಮೊದಲ ಮಾದರಿಯಲ್ಲಿ ಬೈಪಾಡೂ ಗ್ಯಾಸ್ ಸಿಲಿಂಡರೂ ಬ್ಯಾರೆಲ್ಲಿಗೇ ಜೋಡಿಸಿದ್ದವು. ಬ್ಯಾರೆಲ್ ತೆಗೆದರೆ ಗನ್ನಿನ ಕಾಲೂ ಹೋಯಿತು. ಒಬ್ಬ ಗನ್ನನ್ನು ಮಣ್ಣಿಗೆ ತಾಗದಂತೆ ಎತ್ತಿ ಹಿಡಿದಿರಬೇಕು, ಇನ್ನೊಬ್ಬ ಕಲ್ನಾರಿನ ಕೈಗವಸು ಹಾಕಿ ಕೆಂಪಗಾದ ಬ್ಯಾರೆಲ್ ಎಳೆಯಬೇಕು. ಬ್ಯಾರೆಲ್ಲಿಗೆ ಹಿಡಿ ಇಲ್ಲ. ಗವಸು ಕಳೆದುಹೋದರೆ ಮುಗಿಯಿತು. ಪ್ರತಿ ಬಿಡಿ ಬ್ಯಾರೆಲ್ ಜೊತೆಗೂ ಒಂದು ಬೈಪಾಡ್ ಹೊರುವ ದಂಡ ಬೇರೆ.

ಗ್ಯಾಸ್ ಸಿಲಿಂಡರ್ ಒಳಗಿನ ಪಿಸ್ಟನ್ ಅನ್ನು ತಿರುವುಮುರುವಾಗಿ ಹಾಕಲು ಬರುತ್ತಿತ್ತು. ಹಾಗೆ ಹಾಕಿದರೆ ಗನ್ ಒಂದು ಗುಂಡು ಹಾರಿಸಿ ಸುಮ್ಮನಾಗುತ್ತದೆ. ತಪ್ಪಾಗಿ ಹಾಕಲು ಬರುವ ಭಾಗವನ್ನು ದಣಿದ ಸೈನಿಕ ಕತ್ತಲಲ್ಲಿ ಒಂದಲ್ಲ ಒಂದು ದಿನ ತಪ್ಪಾಗಿ ಹಾಕಿಯೇ ಹಾಕುತ್ತಾನೆ. ಇದು ವಿನ್ಯಾಸದ ತಪ್ಪು. ಅದುರಿ ಅದುರಿ ಸಿಲಿಂಡರಿನ ನಟ್ ಸಡಿಲವಾಗುವುದನ್ನು ತಡೆಯಲು ತಂತಿ ಸುತ್ತಬೇಕಿತ್ತು. ಬೋಲ್ಟ್ ನಡೆಸುವ ಆಪರೇಟಿಂಗ್ ರಾಡಿನಲ್ಲಿ ಸಿಯರ್ (ಟ್ರಿಗರ್ ಬಿಟ್ಟಾಗ ತಡೆದು ನಿಲ್ಲಿಸುವ ಕೊಕ್ಕೆ) ಹಿಡಿಯುವ ಕಚ್ಚು ಸವೆದರೆ ಟ್ರಿಗರ್ ಬಿಟ್ಟರೂ ಗನ್ ನಿಲ್ಲುತ್ತಿರಲಿಲ್ಲ. ಆಗ ಮೂತಿಯನ್ನು ಗುರಿಯತ್ತಲೇ ಇಟ್ಟು ಬೆಲ್ಟ್ ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಬೆಲ್ಟನ್ನು ತಿರುಚಿ ಮುರಿಯಬೇಕು. ತೆಳು ರಿಸೀವರ್ ಬಹಳ ಗುಂಡು ಕಂಡ ಮೇಲೆ ಹಿಗ್ಗುತ್ತಿತ್ತು. ಬೋಲ್ಟ್ ಮುಂದಿರುವಾಗ ಕವರ್ ಮುಚ್ಚಿದರೆ ಫೀಡ್ ತೋಳು ಕೆಡುವ ಭಯವೂ ಇತ್ತು.

ಒಳ್ಳೆಯದೂ ಇದೆ. ನಿಮಿಷಕ್ಕೆ 550ರ ಆಸುಪಾಸಿನ ವೇಗ, ಮೆತ್ತಗಿನ ಒದೆತ, ಕೈಯಲ್ಲಿ ಹಿಡಿದು ಹಾರಿಸಿದರೂ ಹತೋಟಿಗೆ ಬರುತ್ತದೆ. ಬ್ಯಾರೆಲ್ ಬುಡದ ಒಳಗೋಡೆಗೆ ಸ್ಟೆಲೈಟ್ ಎಂಬ ಕೋಬಾಲ್ಟ್ ಮಿಶ್ರಲೋಹದ ಒಳಪದರ ಇದ್ದದ್ದರಿಂದ ಕಾದರೂ ಬೇಗ ತೇಯುತ್ತಿರಲಿಲ್ಲ. ಬೈಪಾಡನ್ನು ಬ್ಯಾರೆಲ್ಲಿನಿಂದ ಬಿಡಿಸಿ, ಹಿಡಿ ಕೊಟ್ಟು, ಕವರ್ ಸರಿಪಡಿಸಿದ ಎಂ60ಇ6 ಮಾದರಿಯನ್ನು ಡೆನ್ಮಾರ್ಕ್ 2014ರಲ್ಲಿ ತನ್ನ ಸೇನೆಗೆ ಆರಿಸಿಕೊಂಡಿತು. ಅದು ಕೊಂಡದ್ದು ಎಂಜಿ3ಗೆ ಬದಲಾಗಿ, ಅಂದರೆ ಎಂಜಿ-42ರ ಮೊಮ್ಮಗನ ಜಾಗಕ್ಕೆ. ಅಭಿಮಾನಿಗಳಿಗೆ ಇದು ಅರಗುವುದು ಕಷ್ಟ.

ಈಗ ವಿಕರ್ಸ್ ಕಥೆ. 1916ರ ಆಗಸ್ಟ್ 24, ಫ್ರಾನ್ಸಿನ ಹೈ ವುಡ್. 100ನೇ ಮಷಿನ್ ಗನ್ ಕಂಪನಿಯ ಹತ್ತು ಗನ್‌ಗಳು 12 ಗಂಟೆಯಲ್ಲಿ ಹತ್ತು ಲಕ್ಷದ ಹತ್ತಿರ ಗುಂಡು, ನೂರು ಬ್ಯಾರೆಲ್ ಎಂಬುದು ಅದರ ಸಾರ. ಲೆಕ್ಕ ಹಾಕಿ: ಒಂದು ಗನ್ನಿಗೆ ಗಂಟೆಗೆ ಸುಮಾರು 8,300, ನಿಮಿಷಕ್ಕೆ 139. ವಿಕರ್ಸ್‌ನ ಓಟವೇ ನಿಮಿಷಕ್ಕೆ 450–500; ಸರಾಸರಿ 139 ಅದಕ್ಕೆ ಕಷ್ಟವಲ್ಲ. ಬ್ಯಾರೆಲ್ ಒಂದಕ್ಕೆ ಹತ್ತು ಸಾವಿರ ಗುಂಡು, ಅದೂ ಹೊಂದುತ್ತದೆ. ಇನ್ನು ಬ್ಯಾರೆಲ್ ತಣಿಸುವ ನೀರು ನೋಡಿ. ಕವಚದಲ್ಲಿ ಸುಮಾರು 4 ಲೀಟರ್; ನಿಮಿಷಕ್ಕೆ 200ರಂತೆ ಹಾರಿಸಿದರೆ ಮೂರು ನಿಮಿಷಕ್ಕೆ ಕುದಿಯುತ್ತದೆ, ಆಮೇಲೆ ಸಾವಿರ ಗುಂಡಿಗೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಆವಿ. ಒಟ್ಟಿಗೆ 500–750 ಲೀಟರ್. ಆವಿಯನ್ನು ರಬ್ಬರ್ ಕೊಳವೆಯಲ್ಲಿ ಡಬ್ಬಿಗೆ ಹರಿಸಿ ಮತ್ತೆ ನೀರಾಗಿಸುತ್ತಿದ್ದರು. ನೀರು ಉಳಿಸಲೂ, ಆವಿ ಎದ್ದು ಜಾಗ ಗೊತ್ತಾಗದಿರಲೂ. ಹಾಗಾಗಿ ಗನ್ನುಗಳ ಕಡೆಯಿಂದ ಕಥೆ ಅಸಾಧ್ಯವಲ್ಲ. ಅನುಮಾನ ಬರುವುದು ಸಾಗಣೆಯಲ್ಲಿ. ಒಂದು ತೋಟೆ 25 ಗ್ರಾಂ ಎಂದರೆ ಹತ್ತು ಲಕ್ಷಕ್ಕೆ 25 ಟನ್, ಬೆಲ್ಟಿನ ಲೆಕ್ಕದಲ್ಲಿ 4,000 ಭರ್ತಿ. ಶೆಲ್ ಬೀಳುವ ಜಾಗಕ್ಕೆ ಅಷ್ಟನ್ನು ಹೊತ್ತು ತಂದು ತುಂಬಿಸುವುದು ಗನ್ನಿನ ಗುಣಕ್ಕಿಂತ ದೊಡ್ಡ ಸಂಗತಿ. ಸಂಶೋಧಕರು ಈ ಅಂಕಿಯನ್ನು ಪ್ರಶ್ನಿಸಿದ್ದಾರೆ, ಆ ಪ್ರಶ್ನೆಗೆ ತೂಕವಿದೆ.

ವಿಕರ್ಸ್‌ನಲ್ಲಿ ನನಗೆ ಮೆಚ್ಚುಗೆಯ ಸಂಗತಿ ಬೇರೆ. ಅದರ ಬಲಬದಿಯಲ್ಲಿ ಒಂದು ಕ್ರ್ಯಾಂಕ್ ಹಿಡಿ ಇದೆ, ಗುಂಡು ಹಾರುವಾಗ ಅದೂ ಆಡುತ್ತದೆ. ಗನ್ ನಿಂತಾಗ ಆ ಹಿಡಿ ಎಲ್ಲಿ ನಿಂತಿದೆ ಎಂದು ನೋಡಿದರೆ ರೋಗ ತಿಳಿಯುತ್ತದೆ. ನಾಲ್ಕು ಸ್ಥಾನ. ಪೂರ್ತಿ ತನ್ನ ಜಾಗಕ್ಕೆ ಮರಳಿ ನಿಂತಿದ್ದರೆ ನಾಲ್ಕನೆಯದು: ತೋಟೆ ಸಿಡಿದಿಲ್ಲ, ಬೆಲ್ಟ್ ಮುಗಿದಿದೆ ಅಥವಾ ಫೈರಿಂಗ್ ಪಿನ್ ಮುರಿದಿದೆ. ಅದಕ್ಕೆ ತುಸು ಮುಂಚೆ ನಿಂತಿದ್ದರೆ ಮೂರನೆಯದು, ಬೆಲ್ಟಿನ ತೊಂದರೆ. ಮೊದಲನೆಯದಾದರೆ ಲಾಕ್ (ವಿಕರ್ಸ್‌ನಲ್ಲಿ ಬೋಲ್ಟಿನ ಕೆಲಸ ಮಾಡುವ ಭಾಗ) ಪೂರ್ತಿ ಹಿಂದೆ ಬಂದಿಲ್ಲ, ಎಣ್ಣೆ ಒಣಗಿದೆ ಅಥವಾ ಸ್ಪ್ರಿಂಗ್ ಬಿಗಿ ಹೆಚ್ಚು. ಕತ್ತಲಲ್ಲಿ ಕೈ ಸವರಿಯೇ ತಿಳಿಯುವ ಇಂಥ ಸೂಚನೆ ಆಮೇಲಿನ ಎಷ್ಟೋ ಗನ್‌ಗಳಲ್ಲಿ ಇಲ್ಲ. ಬ್ರಿಟಿಷ್ ಸೇನೆ ಅದನ್ನು 1968ರವರೆಗೆ ಇಟ್ಟುಕೊಂಡಿತು.

ಮಷಿನ್ ಗನ್ ಎದುರು ಕುದುರೆ ದಂಡು ನಿಲ್ಲುವುದಿಲ್ಲ ಎಂಬ ಮಾತನ್ನೂ ಹವ್ಯಾಸಿಗಳು ಸಿದ್ಧಾಂತದಂತೆ ಹೇಳುತ್ತಾರೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ದಂಡಾದ ಜೋಧ್‌ಪುರ ಲ್ಯಾನ್ಸರ್ಸ್ ಪಟ್ಟಣದೊಳಕ್ಕೆ ನುಗ್ಗಿದರು, ಮೈಸೂರು ಲ್ಯಾನ್ಸರ್ಸ್ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿದ್ದರು. ಸೆರೆಸಿಕ್ಕ ಆಯುಧಗಳಲ್ಲಿ 11 ಮಷಿನ್ ಗನ್ ಇದ್ದವು. ಸತ್ತ ಸವಾರರು ಎಂಟು, ಕುದುರೆ ಅರವತ್ತು. ಟ್ರೈಪಾಡ್ ಮೇಲೆ ದೂರಕ್ಕೆ ಗುರಿ ಕಟ್ಟಿದ ಗನ್ನಿಗೆ ನಾಗಾಲೋಟದಲ್ಲಿ ಹತ್ತಿರವಾಗುವ ಗುರಿ ಕಷ್ಟ, ಸೈಟನ್ನೂ ಎತ್ತರವನ್ನೂ ಕ್ಷಣಕ್ಷಣಕ್ಕೆ ಇಳಿಸಬೇಕು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಹೋಗಿ ನೋಡಬಹುದು.

ಬ್ರೌನಿಂಗ್ ಎಂ2, ಅಂದರೆ ಪಾಯಿಂಟ್ ಫಿಫ್ಟಿ, ಈ ಜಗಳಕ್ಕೆ ಸೇರದ ವಸ್ತು. 38 ಕಿಲೋ ಗನ್ನನ್ನು ಹೊತ್ತು ಓಡುವವರಿಲ್ಲ. ಅದರ ಒಂದೇ ದೊಡ್ಡ ಕಾಟ, ಬ್ಯಾರೆಲ್ ಹಾಕಿದಾಗಲೆಲ್ಲ ಬೋಲ್ಟಿಗೂ ಬ್ಯಾರೆಲ್ಲಿಗೂ ನಡುವಿನ ಸಂದನ್ನೂ ಗುಂಡು ಸಿಡಿಯುವ ಕ್ಷಣವನ್ನೂ (ಟೈಮಿಂಗ್) ಗೇಜ್ ಹಿಡಿದು ಸರಿಪಡಿಸಬೇಕಿತ್ತು. ಸಂದು ಹೆಚ್ಚಾದರೆ ಕೇಸ್ ಒಡೆದು ಗನ್ನಿನವನಿಗೇ ಗಾಯ. ಎಂ2ಎ1 ಮಾದರಿಯಲ್ಲಿ ಅದು ಸ್ಥಿರವಾಗಿ ಬರುತ್ತದೆ. ಎಫ್‌ಎನ್‌ನ ಹಗುರ ಗನ್ ಮಿನಿಮಿ ಬೆಲ್ಟ್ ಜೊತೆಗೆ ರೈಫಲ್ ಮ್ಯಾಗಜೀನನ್ನೂ ತಿನ್ನುತ್ತದೆ ಎಂದು ಹೊಗಳುವವರಿಗೆ ಒಂದು ಮಾತು: ಮ್ಯಾಗಜೀನ್ ಹಾಕಿದಾಗ ಎತ್ತಲು ಬೆಲ್ಟಿನ ಭಾರ ಇಲ್ಲದೆ ಬೋಲ್ಟ್ ಜೋರಾಗಿ ಓಡುತ್ತದೆ, ಮ್ಯಾಗಜೀನ್ ಸ್ಪ್ರಿಂಗ್ ಆ ವೇಗಕ್ಕೆ ತೋಟೆ ಏರಿಸಲಾರದೆ ಪದೇ ಪದೇ ತಪ್ಪುತ್ತದೆ. ಅದು ಬೆಲ್ಟ್ ಮುಗಿದಾಗಿನ ಆಪದ್ಧರ್ಮ, ಅಷ್ಟೆ.

ನಮ್ಮ ಸೇನೆಯ ವಿಷಯ. ಎಂಎಂಜಿ (ಮೀಡಿಯಂ ಮಷಿನ್ ಗನ್) ಎಂದು ಜವಾನರು ಕರೆಯುವುದು ಮ್ಯಾಗ್ ಅನ್ನೇ, ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ. ಗಡಿಯ ಆಚೆ ಪಾಕಿಸ್ತಾನ ವಾಹ್‌ನ ಕಾರ್ಖಾನೆಯಲ್ಲಿ ಎಂಜಿ3 ಮಾಡುತ್ತದೆ; ಹೀಗೆ ಒಂದು ಕಡೆ ಗ್ರೂನರ್ ಅವರ ಪೂರ್ತಿ ಗನ್ನು, ಇನ್ನೊಂದು ಕಡೆ ಅವರ ಫೀಡ್ ಮಾತ್ರ. ಎಲ್‌ಎಂಜಿ (ಲೈಟ್ ಮಷಿನ್ ಗನ್, ಅಂದರೆ ಹಗುರ ಗನ್) ಜಾಗದಲ್ಲಿ ನಮ್ಮಲ್ಲಿ ಬಹುಕಾಲ ಬೆಲ್ಟೇ ಇರಲಿಲ್ಲ: 7.62ಗೆ ಬದಲಾಯಿಸಿದ ಬ್ರೆನ್, ಆಮೇಲೆ 5.56ರ ಇನ್ಸಾಸ್ ಎಲ್‌ಎಂಜಿ, ಎರಡೂ ಮ್ಯಾಗಜೀನಿನವು. ಇನ್ಸಾಸ್‌ನ 30 ತೋಟೆಯ ಮ್ಯಾಗಜೀನ್ ನಾಲ್ಕೈದು ಬರ್ಸ್ಟಿಗೆ ಖಾಲಿ, ಬ್ಯಾರೆಲ್ ಕಾಯುವ ಮೊದಲೇ ಕೈ ನಿಲ್ಲುತ್ತದೆ. 2020ರ ಮಾರ್ಚ್‌ನಲ್ಲಿ ಇಸ್ರೇಲಿನಿಂದ 16,479 ನೆಗೆವ್ ಎನ್‌ಜಿ7 ಕೊಳ್ಳಲು ಸುಮಾರು ₹880 ಕೋಟಿಯ ಒಪ್ಪಂದವಾಯಿತು. ಅದು ಎಂಟು ಕಿಲೋ ಒಳಗಿನ, 7.62 ನೇಟೋ ಬೆಲ್ಟ್ ಹಾಕುವ ಗನ್; ಒಂದೊಂದೇ ಗುಂಡು ಹಾರಿಸುವ ಸೌಲಭ್ಯವೂ ಇದೆ. ಮ್ಯಾಗ್‌ಗೆ ಹೋಗುವ ಅದೇ ಬೆಲ್ಟ್ ಇದಕ್ಕೂ ಹೋಗುತ್ತದೆ. ಆದರೆ ಹಗುರ ಗನ್ನಿನ ಬ್ಯಾರೆಲ್ಲೂ ಹಗುರ: ಮ್ಯಾಗ್‌ನ ಜಾಗದಲ್ಲಿ ನೆಗೆವ್ ಇಟ್ಟು ಹತ್ತು ನಿಮಿಷ ಸತತ ಹಾರಿಸುವ ಕೆಲಸ ಕೊಟ್ಟರೆ ಅದೂ ಪಿಕೆಎಂನಂತೆಯೇ ಬೇಗ ಕಾಯುತ್ತದೆ. ಎರಡನ್ನೂ ಇಟ್ಟುಕೊಂಡಿರುವುದು ಅದಕ್ಕೇ.